ಟಿಕೆಟಿನ ಸೇತುವೆಯೋ, ನಡೆದಾಡುವ ಸಂಕವೋ?

ಯಾವ ಊರಿನ ನದಿಗೇ ಆಗಲಿ, ಜನ ನಡೆದು ದಾಟಲಿಕ್ಕೆ ಹೊಸ ಸೇತುವೆ ಬರುತ್ತದೆ ಎಂದರೆ ಎಲ್ಲಕ್ಕಿಂತ ಮೊದಲು ಬರುವುದು ಚಿತ್ರ. ಕಬ್ಬಿಣ, ಸಿಮೆಂಟು ಎಲ್ಲ ಆಮೇಲೆ. ಚಿತ್ರದಲ್ಲಿ ನೀಲಿ ನೀರು, ಬಣ್ಣದ ದೀಪ, ಕೈಕೈ ಹಿಡಿದು ನಡೆಯುವ ಗಂಡ ಹೆಂಡತಿ, ಬಲೂನು ಹಿಡಿದ ಮಗು. ತಲೆಯ ಮೇಲೆ ಮೀನಿನ ಬುಟ್ಟಿ ಹೊತ್ತ ಹೆಂಗಸು ಮಾತ್ರ ಆ ಚಿತ್ರದಲ್ಲಿ ಇರುವುದಿಲ್ಲ. ಟಿಫಿನ್ ಕ್ಯಾರಿಯರ್ ಹಿಡಿದುಕೊಂಡು ಬೆಳಗ್ಗಿನ ಬಸ್ಸಿಗೆ ಓಡುವ ಅಂಗಡಿ ಹುಡುಗನೂ ಇರುವುದಿಲ್ಲ. ಇದು ಚಿತ್ರ ಬರೆದವನ ಮರೆವು ಎಂದು ತಿಳಿಯಬೇಡಿ. ಸೇತುವೆ ಯಾರಿಗೆ ಎಂಬ ತೀರ್ಮಾನ ಅಲ್ಲೇ ಆಗಿಹೋಗಿರುತ್ತದೆ.

ಮಂಗಳೂರಿನವರಿಗೆ ಈ ವಿಷಯ ದೂರದ್ದಲ್ಲ. ಸುಲ್ತಾನ್ ಬತ್ತೇರಿಯ ದಡದಲ್ಲಿ ನಿಂತರೆ ಎದುರಿಗೇ ತಣ್ಣೀರುಬಾವಿ. ನಡುವೆ ಫಲ್ಗುಣಿ ನದಿ. ಬೋಟು ಇದ್ದರೆ ಕೆಲವೇ ನಿಮಿಷದ ದಾರಿ. ರಸ್ತೆಯಲ್ಲಿ ಹೋಗ್ತೇನೆ ಅಂದರೆ ಕೊಟ್ಟಾರ ಚೌಕಿ, ಕೂಳೂರು ಸೇತುವೆ ಎಂದು ಅರ್ಧ ಊರು ಸುತ್ತಬೇಕು. ಇಲ್ಲಿಗೊಂದು ತೂಗುಸೇತುವೆ ಬೇಕು ಎಂಬ ಮಾತು ವರ್ಷಗಳಿಂದ ಏಳುತ್ತಾ ಮಲಗುತ್ತಾ ಬಂದಿದೆ. ಎದ್ದಾಗಲೆಲ್ಲ "ಪ್ರವಾಸೋದ್ಯಮ" ಎಂಬ ದೊಡ್ಡ ಶಬ್ದವೂ ಜೊತೆಗೇ ಏಳುತ್ತದೆ. ಹಾಗಾಗಿ ಬೇರೆ ಊರುಗಳಲ್ಲಿ ಇಂಥ ಸೇತುವೆಗಳು ಯಾರ ಪಾಲಿಗೆ ಏನಾದವು ಎಂದು ಈಗಲೇ ಲೆಕ್ಕ ಹಾಕಿ ನೋಡುವುದು ಒಳ್ಳೆಯದು. ಗುದ್ದಲಿ ಪೂಜೆ ಆದ ಮೇಲೆ ಯಾರೂ ಲೆಕ್ಕ ಕೇಳುವುದಿಲ್ಲ, ಕೇಳಿದರೂ ಹೇಳುವವರಿಲ್ಲ.

ಮೂರು ತಿಂಗಳು, ಮೂರು ಸೇತುವೆ

ಕರಾವಳಿಯಲ್ಲಿ ಜನ ನಡೆದು ದಾಟುವ ಸೇತುವೆಗೆ ಹಳೆಯ ಹೆಸರುಂಟು: ಕಾಲುಸಂಕ. ಎರಡು ಅಡಿಕೆ ಮರ ಅಡ್ಡ ಹಾಕಿದರೂ ಸಂಕ, ಕೈತಾಂಗು ಕಟ್ಟಿದ ಹಲಗೆಯಾದರೂ ಸಂಕ. ಅದೇ ವಸ್ತುವಿಗೆ ಬಣ್ಣದ ದೀಪ ಹಾಕಿದರೆ ಸೇತುವೆ ಎಂದು ಬಡ್ತಿ ಸಿಗುತ್ತದೆ.

2022ರ ಆಗಸ್ಟ್ ತಿಂಗಳ ಮಳೆಯಲ್ಲಿ ಬೈಂದೂರು ತಾಲೂಕಿನಲ್ಲಿ ಶಾಲೆಯಿಂದ ಮನೆಗೆ ಮರಳುತ್ತಿದ್ದ ಪುಟ್ಟ ಹುಡುಗಿಯೊಬ್ಬಳು ಇಂಥದೊಂದು ಕಾಲುಸಂಕದಿಂದ ಜಾರಿ ತುಂಬಿ ಹರಿಯುವ ಹಳ್ಳಕ್ಕೆ ಬಿದ್ದು ಪ್ರಾಣ ಕಳೆದುಕೊಂಡಳು. ಆಮೇಲೆ ಎಲ್ಲೆಲ್ಲಿ ಇಂಥ ಸಂಕಗಳಿವೆ ಎಂದು ಪಟ್ಟಿ ಮಾಡುವ ಗಡಿಬಿಡಿ ನಡೆಯಿತು. ಪಟ್ಟಿ ಮಾಡಲು ಒಂದು ಮಗು ಸಾಯಬೇಕಾಯಿತು.

ಅದೇ ತಿಂಗಳ 27ರಂದು ಗುಜರಾತಿನ ಅಹಮದಾಬಾದಿನಲ್ಲಿ ಸಾಬರಮತಿ ನದಿಯ ಮೇಲೆ ಒಂದು ಹೊಸ ಕಾಲುಸೇತುವೆ ಉದ್ಘಾಟನೆಯಾಯಿತು. ಉದ್ಘಾಟಿಸಿದವರು ಪ್ರಧಾನಿ. ಹೆಸರು ಅಟಲ್ ಸೇತುವೆ. ಉದ್ದ 300 ಮೀಟರ್, ಖರ್ಚು ಸುಮಾರು 74 ಕೋಟಿ ರೂಪಾಯಿ. ಗಾಳಿಪಟದ ಊರು ಎಂದು ಗಾಳಿಪಟದ ಬಣ್ಣ, ಗಾಳಿಪಟದ ಆಕಾರ.

ಎರಡು ತಿಂಗಳು ಕಳೆಯಿತು. ಅಕ್ಟೋಬರ್ 30, ಭಾನುವಾರ ಸಂಜೆ. ಅದೇ ಗುಜರಾತಿನ ಮೋರ್ಬಿ ಊರಿನಲ್ಲಿ ಮಚ್ಛು ನದಿಯ ತೂಗುಸೇತುವೆಯ ಹಗ್ಗ ಕಡಿಯಿತು. ಸತ್ತವರು 135 ಮಂದಿ. ಅವರಲ್ಲಿ ಮಕ್ಕಳು ಅನೇಕ.

ಈ ಮೂರನ್ನೂ ಒಟ್ಟಿಗೆ ಇಟ್ಟು ನೋಡಿದರೆ ಕಾಲುಸೇತುವೆಯ ಸಂಗತಿಯಲ್ಲಿ ನಮ್ಮ ದೇಶ ಎಲ್ಲಿ ಹಣ ಸುರಿಯುತ್ತದೆ, ಎಲ್ಲಿ ಕಣ್ಣು ಮುಚ್ಚುತ್ತದೆ ಎಂಬುದು ತಿಳಿಯುತ್ತದೆ. ದಿನಾ ದಾಟಲೇಬೇಕಾದ ಕಡೆ ಅಡಿಕೆ ಮರ. ಸಂಜೆ ಗಾಳಿ ತಿನ್ನಲು 74 ಕೋಟಿ. ಹಳೆಯದನ್ನು ನೋಡಿಕೊಳ್ಳಬೇಕಾದ ಕಡೆ ಗುತ್ತಿಗೆ ಕೊಟ್ಟು ಕೈ ತೊಳೆದುಕೊಳ್ಳುವುದು.

ತಿಂಗಳಿಗೆ ಸಾವಿರದ ಐನೂರು!

ಅಹಮದಾಬಾದಿನ ಸೇತುವೆಯನ್ನು ಸುಮ್ಮನೆ ಹೀಗಳೆಯುವುದು ನ್ಯಾಯವಲ್ಲ. ನೋಡಲಿಕ್ಕೆ ಚಂದ ಉಂಟು. ಲಕ್ಷಗಟ್ಟಲೆ ಜನ ಅದರ ಮೇಲೆ ಓಡಾಡಿ ಫೋಟೋ ತೆಗೆಸಿಕೊಂಡಿದ್ದಾರೆ. ಬೇಸಿಗೆಯಲ್ಲಿ ಬೇಯುವ ಆ ಊರಿಗೆ ನದಿಯ ಮೇಲೆ ನಿಲ್ಲುವ ಒಂದು ಜಾಗ ಬೇಡವೆನ್ನುವವರು ಯಾರು? ಮೇಲಾಗಿ ಬಡವನಿಗೂ ಸಂಜೆ ಎಂಬುದು ಇದೆ.

ಆದರೆ ಅದನ್ನು ಸೇತುವೆ ಎನ್ನಬೇಕೋ, ಪಾರ್ಕು ಎನ್ನಬೇಕೋ? ಉದ್ಘಾಟನೆಯಾದ ಕೆಲವೇ ದಿನಗಳಲ್ಲಿ ಟಿಕೆಟ್ ಬಂತು. ದೊಡ್ಡವರಿಗೆ 30 ರೂಪಾಯಿ, ಮಕ್ಕಳಿಗೂ ವಯಸ್ಸಾದವರಿಗೂ 15. ಈಗ ಒಬ್ಬ ಅಂಗಡಿ ನೌಕರನ ಲೆಕ್ಕ ಹಾಕಿ. ಮನೆ ಒಂದು ದಡ, ಅಂಗಡಿ ಇನ್ನೊಂದು ದಡ. ಹೋಗಲು 30, ಬರಲು 30, ದಿನಕ್ಕೆ 60. ತಿಂಗಳಿಗೆ 26 ದಿನ ಕೆಲಸ ಎಂದರೆ 1,560 ರೂಪಾಯಿ. ಬಸ್ ಪಾಸು ಇದಕ್ಕಿಂತ ಅಗ್ಗ. ಹಾಗಾಗಿ ಆ ನೌಕರ ಆ ಸೇತುವೆಗೆ ಕಾಲಿಡುವುದಿಲ್ಲ. ವರ್ಷಕ್ಕೊಮ್ಮೆ, ಊರಿನಿಂದ ನೆಂಟರು ಬಂದಾಗ ಇಟ್ಟಾನು.

ಅವನಿಗೆ ಬೇರೆ ದಾರಿ ಇಲ್ಲವೇ? ಇದೆ. ಅಟಲ್ ಸೇತುವೆಯ ಒಂದು ಕಡೆ ಎಲ್ಲಿಸ್ ಸೇತುವೆ, ಇನ್ನೊಂದು ಕಡೆ ಸರ್ದಾರ್ ಸೇತುವೆ. ಎರಡೂ ರಸ್ತೆಯ ಸೇತುವೆಗಳು. ಬಸ್ಸು, ಆಟೋ, ಸೈಕಲ್ಲು ಎಲ್ಲ ಅಲ್ಲೇ. ಎರಡು ರಸ್ತೆ ಸೇತುವೆಗಳ ನಡುವೆ ಬಂದ ಮೂರನೆಯದು ದಾಟುವವನ ಅಗತ್ಯಕ್ಕೆ ಬಂದದ್ದಲ್ಲ ಎಂಬುದು ನಕಾಶೆ ನೋಡಿದ ಮಗುವಿಗೂ ತಿಳಿದೀತು.

ಎಲ್ಲಿಸ್ ಸೇತುವೆಯ ಹೆಸರು ಬಂತಲ್ಲ, ಅದರ ಕಥೆಯನ್ನೂ ಹೇಳಿಬಿಡಬೇಕು. 1870ರ ಸುಮಾರಿಗೆ ಇಂಗ್ಲಿಷರು ಅಲ್ಲಿ ಮರದ ಸೇತುವೆ ಕಟ್ಟಿದ್ದರು. 1875ರ ನೆರೆ ಅದನ್ನು ಕೊಚ್ಚಿಕೊಂಡು ಹೋಯಿತು. ಮತ್ತೆ ಕಬ್ಬಿಣದ್ದು ಕಟ್ಟಿ ಮುಗಿಸಿದ್ದು 1892ರಲ್ಲಿ. ಕಟ್ಟಿಸಿದ ಎಂಜಿನಿಯರ್ ಹಿಮ್ಮತ್‌ಲಾಲ್ ಧೀರಜ್‌ರಾಮ್ ಭಚೇಚ್. ಅಂದಾಜು ಪಟ್ಟಿ 5 ಲಕ್ಷ ರೂಪಾಯಿಯದ್ದು, ಮುಗಿದದ್ದು 4 ಲಕ್ಷದ 7 ಸಾವಿರಕ್ಕೆ! ಇಷ್ಟು ಕಡಿಮೆಗೆ ಹೇಗಾಯಿತು, ಕಳಪೆ ಮಾಲು ಹಾಕಿರಬೇಕು ಎಂದು ಸರಕಾರಕ್ಕೆ ಅನುಮಾನ ಬಂದು ತನಿಖಾ ಸಮಿತಿ ನೇಮಿಸಿತು. ಸಮಿತಿ ನೋಡಿ ಕೆಲಸ ಉತ್ತಮವಾಗಿದೆ ಎಂದಿತು. ಎಂಜಿನಿಯರರಿಗೆ ರಾವ್ ಸಾಹೇಬ್ ಬಿರುದು ಸಿಕ್ಕಿತು. ಹಣ ಉಳಿಸಿದ್ದಕ್ಕೆ ತನಿಖೆ ನಡೆದ ಕಾಲ ಅದು. ಈಗ ಅಂಥ ಕಂಟ್ರಾಕ್ಟರು ಸಿಕ್ಕಿದರೆ ತನಿಖೆ ಬೇಡ, ಮ್ಯೂಸಿಯಮ್ಮಿನಲ್ಲಿ ಇಟ್ಟು ಟಿಕೆಟ್ ಮಾಡಬಹುದು.

ಆ ಎಲ್ಲಿಸ್ ಸೇತುವೆಯ ಬುಡದಲ್ಲಿ ಭಾನುವಾರದ ಗುಜರಿ ಬಜಾರು ದಶಕಗಳ ಕಾಲ ಕೂಡುತ್ತಿತ್ತು. ಹಳೆ ಕುರ್ಚಿ, ಹಳೆ ಪುಸ್ತಕ, ಬೀಗ, ಕೀಲಿ, ಪಾತ್ರೆ. ನದಿ ದಡವನ್ನು ಚಂದಗೊಳಿಸುವ ಕೆಲಸದಲ್ಲಿ ಅದನ್ನೂ ಎತ್ತಿ 2014ರಲ್ಲಿ ಹೊಸ ಕಟ್ಟೆಗಳಿಗೆ ಸಾಗಿಸಿದರು. ದಡದ ಗುಡಿಸಲುಗಳಿಂದ ಎದ್ದು ಹೋದ ಕುಟುಂಬಗಳೇ ಹತ್ತು ಸಾವಿರಕ್ಕೂ ಹೆಚ್ಚು. ನದಿ ದಂಡೆ ಚಂದವಾಗುವಾಗ ಮೊದಲು ಏಳಬೇಕಾದವರು ಯಾರು ಎಂಬುದನ್ನು ಬಂದರಿನ ಗೂಡಂಗಡಿಯವರಿಗೆ ಯಾರೂ ಬಿಡಿಸಿ ಹೇಳಬೇಕಾಗಿಲ್ಲ.

ಹಂಚಿನ ಊರಿನಿಂದ ಟೈಲ್ಸಿನ ಊರಿಗೆ

ಮೋರ್ಬಿ ಎಂಬ ಹೆಸರು ನಮ್ಮ ಅಂಗಡಿಯವರಿಗೆ ಹೊಸತಲ್ಲ. ಟೈಲ್ಸ್ ಅಂಗಡಿಯ ಗೋದಾಮಿನಲ್ಲಿ ರಟ್ಟಿನ ಪೆಟ್ಟಿಗೆ ತಿರುಗಿಸಿ ನೋಡಿದರೆ ಹೆಚ್ಚಿನದರ ಮೇಲೆ ಆ ಊರಿನ ಹೆಸರೇ ಇರುತ್ತದೆ. ಒಂದು ಕಾಲಕ್ಕೆ ಮಂಗಳೂರಿನ ಹಂಚು ಎಲ್ಲಿಗೆಲ್ಲ ಹೋಗುತ್ತಿತ್ತೋ, ಈಗ ಮೋರ್ಬಿಯ ಟೈಲ್ಸು ಅಲ್ಲಿಗೆಲ್ಲ ಹೋಗುತ್ತದೆ. ಗೋಡೆ ಗಡಿಯಾರಕ್ಕೂ ಆ ಊರು ಪ್ರಸಿದ್ಧ.

ಅಲ್ಲಿನ ತೂಗುಸೇತುವೆ 1879ರದ್ದು. ಅಲ್ಲಿನ ರಾಜ ವಾಘ್‌ಜಿ ಠಾಕೋರ್ ಕಟ್ಟಿಸಿದ್ದು. ಉದ್ದ 233 ಮೀಟರ್, ಅಗಲ ಬರೇ ಒಂದೂಕಾಲು ಮೀಟರ್. ಅಂದರೆ ಎದುರುಬದುರು ಬಂದ ಇಬ್ಬರು ಭುಜ ಓರೆ ಮಾಡಿಯೇ ದಾಟಬೇಕು. ನೂರ ನಲವತ್ತು ವರ್ಷ ಅದು ನಿಂತಿತ್ತು. 2001ರ ಭೂಕಂಪದಲ್ಲಿ ಪೆಟ್ಟು ತಿಂದೂ ನಿಂತಿತು.

2022ರ ಮಾರ್ಚ್‌ನಲ್ಲಿ ಅಲ್ಲಿನ ನಗರಸಭೆ ಸೇತುವೆಯ ರಿಪೇರಿ, ಉಸ್ತುವಾರಿ, ಟಿಕೆಟ್ ವಸೂಲಿ ಎಲ್ಲವನ್ನೂ 15 ವರ್ಷಕ್ಕೆ ಒಂದು ಗಡಿಯಾರ ಕಂಪೆನಿಗೆ ವಹಿಸಿತು. ಹೌದು ಸ್ವಾಮಿ, ಗಡಿಯಾರದ ಕಂಪೆನಿಗೆ! ಕಂಪೆನಿ ಕೆಲಸವನ್ನು ಇನ್ನೊಬ್ಬರಿಗೆ ದಾಟಿಸಿತು. ಹಳೆಯ ಮರದ ಹಲಗೆ ತೆಗೆದು ಅಲ್ಯೂಮಿನಿಯಂ ಹಾಸು ಹಾಕಿದರು. ಬಣ್ಣ ಬಳಿದರು. ಅಕ್ಟೋಬರ್ 26ರಂದು, ಗುಜರಾತಿಗಳ ಹೊಸ ವರ್ಷದ ದಿನ, ಬಾಗಿಲು ತೆರೆದರು. ಸೇತುವೆ ಗಟ್ಟಿ ಇದೆ ಎಂಬ ಸರ್ಟಿಫಿಕೇಟು ನಗರಸಭೆಯಿಂದ ಪಡೆದಿರಲಿಲ್ಲ. ಐದನೆಯ ದಿನ ಬಿತ್ತು.

ಬಿದ್ದ ಮೇಲೆ ಸರಕಾರ ನೇಮಿಸಿದ ವಿಶೇಷ ತನಿಖಾ ತಂಡ ಬಿಚ್ಚಿಟ್ಟದ್ದು ಇದು. ಮುಖ್ಯ ಹಗ್ಗವೊಂದರಲ್ಲಿ ಇದ್ದ ತಂತಿಗಳು 49. ಅವುಗಳಲ್ಲಿ 22 ತುಕ್ಕು ಹಿಡಿದು ಹೋಗಿದ್ದವು, ಆ ಸಂಜೆಗಿಂತ ಮೊದಲೇ ತುಂಡಾಗಿದ್ದಿರಬೇಕು. ಹಾಸನ್ನು ಹಗ್ಗಕ್ಕೆ ತೂಗುಹಾಕುವ ಹಳೆಯ ಸರಳುಗಳನ್ನು ಬದಲಿಸುವ ಬದಲು ಅವಕ್ಕೇ ಹೊಸ ಸರಳು ಬೆಸುಗೆ ಹಾಕಿದ್ದರು. ಬಣ್ಣ ಹೊಸತು, ಹಾಸು ಹೊಸತು, ಹಗ್ಗ ಹಳೆಯದು. ಕಣ್ಣಿಗೆ ಕಾಣುವುದೆಲ್ಲ ರಿಪೇರಿ ಆಗಿತ್ತು. ಪ್ರಾಣ ನಿಂತಿದ್ದ ಜಾಗ ಮಾತ್ರ ಹಾಗೇ ಇತ್ತು.

"ಜನ ಜಾಸ್ತಿ ಹತ್ತಿದ್ದರು, ಹುಡುಗರು ಅಲ್ಲಾಡಿಸುತ್ತಿದ್ದರು, ಅದಕ್ಕೇ ಬಿತ್ತು" ಎಂದು ಆಗ ಎಷ್ಟೋ ಮಂದಿ ಹೇಳಿದರು. ಈ ಮಾತನ್ನೂ ಲೆಕ್ಕಕ್ಕೆ ಹಚ್ಚಿ ನೋಡಬೇಕು. ಬೀಳುವಾಗ ಮೇಲೆ ಇದ್ದವರು ಸುಮಾರು 300 ಮಂದಿ. 233 ಮೀಟರ್ ಉದ್ದ, ಒಂದೂಕಾಲು ಮೀಟರ್ ಅಗಲ ಎಂದರೆ 291 ಚದರ ಮೀಟರ್ ಹಾಸು. ಹೆಚ್ಚುಕಡಿಮೆ ಚದರ ಮೀಟರಿಗೆ ಒಬ್ಬ. ಒಬ್ಬನ ತೂಕ 60 ಕಿಲೋ ಹಿಡಿಯಿರಿ. ಅದೇ ಹೊತ್ತಿಗೆ ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ ನಿಯಮ ಏನು ಹೇಳುತ್ತದೆ? ಊರಿನ ಹತ್ತಿರ, ಯಾತ್ರಾಸ್ಥಳದ ಹತ್ತಿರ, ಜಾತ್ರೆ ಸೇರುವ ಕಡೆ ಕಾಲುಸೇತುವೆ ಕಟ್ಟುವುದಾದರೆ ಚದರ ಮೀಟರಿಗೆ 500 ಕಿಲೋ ಭಾರದ ಲೆಕ್ಕದಿಂದ ಶುರು ಮಾಡಬೇಕು. ಉದ್ದ ಹೆಚ್ಚಾದಂತೆ ಈ ಲೆಕ್ಕದಲ್ಲಿ ಒಂದಿಷ್ಟು ರಿಯಾಯಿತಿ ಉಂಟು. ಆ ರಿಯಾಯಿತಿ ಪೂರ್ತಿ ಕೊಟ್ಟರೂ, ಇಂದು ಅಷ್ಟೇ ಉದ್ದದ ಸೇತುವೆ ಕಟ್ಟುವವನು ಆ ಸಂಜೆಯ ಭಾರದ ಮೂರು ಪಟ್ಟಿಗಿಂತಲೂ ಹೆಚ್ಚನ್ನು ಹೊರುವಂತೆ ಕಟ್ಟಬೇಕು. ರಾಜರ ಕಾಲದ ಸೇತುವೆಗೆ ಈ ನಿಯಮ ಇರಲಿಲ್ಲ, ಒಪ್ಪೋಣ. ಹಾಗಾದರೆ ಎಷ್ಟು ಜನರನ್ನು ಬಿಡಬಹುದು ಎಂದು ಮೊದಲು ಅಳೆದು, ಬಾಗಿಲಿನಲ್ಲೇ ತಡೆಯಬೇಕಿತ್ತು. ತಡೆಯುವ ಕೆಲಸ ಯಾರದ್ದು?

ಇಲ್ಲೇ ಇರುವುದು ಗುಟ್ಟು. ತಡೆಯಬೇಕಾದವನೇ ಟಿಕೆಟ್ ಮಾರುವವನು. ಆ ಒಂದೇ ದಿನ ಮಾರಿದ ಟಿಕೆಟ್ 3,165. ಅಂಗಡಿ ಇಟ್ಟವರಿಗೆ ಈ ಸ್ವಭಾವ ಬೇರೆ ಹೇಳಬೇಕಾಗಿಲ್ಲ. ಹಬ್ಬದ ಸಂಜೆ, ಗಿರಾಕಿ ಸಾಲು ನಿಂತಿದ್ದಾನೆ, ಕೈಯಲ್ಲಿ ನೋಟು ಹಿಡಿದಿದ್ದಾನೆ. "ಸಾಕು, ನಾಳೆ ಬನ್ನಿ" ಎಂದು ಶಟರ್ ಎಳೆಯುವವನು ಎಲ್ಲಿದ್ದಾನೆ? ಅಂಗಡಿಯಲ್ಲಿ ಸಾಮಾನು ಮುಗಿದರೆ ನಷ್ಟ ಅಷ್ಟೇ. ಸೇತುವೆಯ ಮೇಲೆ ಹಾಗಲ್ಲ. ಅದಕ್ಕೇ ಬಾಗಿಲು ಕಾಯುವವನು ಬೇರೆ, ಹಣ ಎಣಿಸುವವನು ಬೇರೆ ಇರಬೇಕಿತ್ತು. ನಗರಸಭೆ ಕಾಯುವ ಕೆಲಸವನ್ನೂ ಎಣಿಸುವವನಿಗೇ ಕೊಟ್ಟು ಮನೆಗೆ ಹೋಯಿತು. ಆಮೇಲೆ ಆ ನಗರಸಭೆಯನ್ನೇ ಸರಕಾರ 2023ರಲ್ಲಿ ವಿಸರ್ಜಿಸಿತು. ವಿಸರ್ಜಿಸಿದ್ದರಿಂದ ಮಚ್ಛು ನದಿಯಲ್ಲಿ ಹೋದವರು ಬರಲಿಲ್ಲ.

ಮೋರ್ಬಿಯ ಸುದ್ದಿ ಬಂದದ್ದೇ ತಡ, ಅಹಮದಾಬಾದಿನ ಅಟಲ್ ಸೇತುವೆಗೆ ಗಂಟೆಗೆ 3,000 ಜನರಿಗಿಂತ ಹೆಚ್ಚು ಬಿಡಬಾರದು ಎಂದು ಅಲ್ಲಿನ ನಗರಪಾಲಿಕೆ ಕಟ್ಟು ಮಾಡಿತು. ಒಳ್ಳೆಯದೇ. ಆ ಲೆಕ್ಕ ಉದ್ಘಾಟನೆಯ ದಿನವೇ ಬಾಗಿಲಲ್ಲಿ ಇರಬೇಕಿತ್ತು ಎಂದು ಕೇಳಿದರೆ ತಪ್ಪೇ?

ಕಟ್ಟದೆ ಬಿಟ್ಟರೂ ಅಪಾಯವೇ

ಹಾಗೆಂದು, ಸೇತುವೆಯ ಸಹವಾಸವೇ ಬೇಡ ಎನ್ನುವ ಹಾಗೂ ಇಲ್ಲ. 2025ರ ಜೂನ್ 15ರಂದು ಪುಣೆಯ ಹತ್ತಿರ ಕುಂಡಮಳಾ ಎಂಬಲ್ಲಿ ಇಂದ್ರಾಯಣಿ ನದಿಯ ಹಳೆಯ ಕಬ್ಬಿಣದ ಕಾಲುಸೇತುವೆ ಕುಸಿಯಿತು. ನಾಲ್ಕು ಮಂದಿ ಸತ್ತರು. ಅದು ಅಪಾಯಕಾರಿ ಎಂದು ಮೊದಲೇ ಗೊತ್ತಿತ್ತು, ಎಚ್ಚರಿಕೆಯ ಬೋರ್ಡೂ ಇತ್ತು. ಹೊಸ ಸೇತುವೆಗೆ ಹಣವೂ ಮಂಜೂರಾಗಿತ್ತು. ಹಣ ಕಾಗದದಲ್ಲಿ, ಜನ ಹಳೆಯ ಸೇತುವೆಯ ಮೇಲೆ.

ಬೋರ್ಡು ಹಾಕಿದರೆ ಜವಾಬ್ದಾರಿ ಮುಗಿಯಿತು ಎಂದು ನಂಬುವ ಅಧಿಕಾರಿಗಳು ಎಲ್ಲ ಊರಿನಲ್ಲೂ ಇದ್ದಾರೆ. ದಾಟುವ ಅಗತ್ಯ ಬೋರ್ಡಿಗಿಂತ ದೊಡ್ಡದು, ದಾಟುವ ಆಸೆ ಅದಕ್ಕಿಂತಲೂ ದೊಡ್ಡದು. ನಮ್ಮ ಉತ್ತರ ಕನ್ನಡದಲ್ಲೇ ನೋಡಿ. ಮೋರ್ಬಿ ದುರಂತದ ಬೆನ್ನಲ್ಲೇ, ಯಲ್ಲಾಪುರ ತಾಲೂಕಿನ ಶಿವಪುರದ ತೂಗುಸೇತುವೆಗೆ ಮಹಾರಾಷ್ಟ್ರದಿಂದ ಬಂದ ಪ್ರವಾಸಿಗರು ಕಾರನ್ನೇ ನುಗ್ಗಿಸಿದರು! ಊರವರು ಅಡ್ಡ ನಿಂತು ಹಿಂದಕ್ಕೆ ಕಳಿಸಬೇಕಾಯಿತು. ಟಿವಿಯಲ್ಲಿ ಹೆಣಗಳ ಚಿತ್ರ ಇನ್ನೂ ಓಡುತ್ತಿದ್ದ ದಿನಗಳವು.

ಲಂಡನ್ನಿನವರಿಗೂ ನಾಚಿಕೆ ಆಗಿತ್ತು

ಹೊಸ ಸೇತುವೆ ಕಟ್ಟಿ ಕೈ ಸುಟ್ಟುಕೊಂಡವರು ನಮ್ಮವರು ಮಾತ್ರ ಅಂತ ಏನಿಲ್ಲ. ಲಂಡನ್ನಿನಲ್ಲಿ ಥೇಮ್ಸ್ ನದಿಗೆ ಹೊಸ ಶತಮಾನದ ನೆನಪಿಗೆಂದು ಕಾಲುಸೇತುವೆ ಕಟ್ಟಿದರು. ಒಂದು ದಡದಲ್ಲಿ ಸೇಂಟ್ ಪಾಲ್ಸ್ ಇಗರ್ಜಿ, ಇನ್ನೊಂದು ದಡದಲ್ಲಿ ಹಳೆಯ ವಿದ್ಯುತ್ ಸ್ಥಾವರವನ್ನು ತಿದ್ದಿ ಮಾಡಿದ ಚಿತ್ರಶಾಲೆ. ಉದ್ದ 325 ಮೀಟರ್. ಖರ್ಚು ಒಂದು ಕೋಟಿ 80 ಲಕ್ಷ ಪೌಂಡಿಗೂ ಮೇಲೆ. 2000ದ ಜೂನ್ 10ರಂದು ತೆರೆದ ಮೊದಲ ದಿನವೇ ಸುಮಾರು 90 ಸಾವಿರ ಜನ ನಡೆದರು. ಸೇತುವೆ ಎಡಕ್ಕೆ ಬಲಕ್ಕೆ ತೂಗಾಡತೊಡಗಿತು. ಜನ ಕಂಬಿ ಹಿಡಿದುಕೊಂಡು ನಡೆದರು.

ಕಾರಣ ಸ್ವಾರಸ್ಯದ್ದು. ಮನುಷ್ಯ ನಡೆಯುವಾಗ ಪ್ರತಿ ಹೆಜ್ಜೆಗೂ ನೆಲವನ್ನು ಸ್ವಲ್ಪ ಬದಿಗೂ ಒತ್ತುತ್ತಾನೆ. ಹಾಸು ಕೊಂಚ ತೂಗಿದರೆ, ಬೀಳದಿರಲು ತನಗೆ ಗೊತ್ತಿಲ್ಲದೆಯೇ ಅದರ ತಾಳಕ್ಕೆ ಕಾಲು ಹಾಕುತ್ತಾನೆ. ಸಾವಿರ ಜನ ಹಾಗೆ ತಾಳ ಹಾಕಿದರೆ ತೂಗಾಟ ಹೆಚ್ಚುತ್ತದೆ, ತೂಗಾಟ ಹೆಚ್ಚಿದರೆ ತಾಳ ಇನ್ನೂ ಕೂಡುತ್ತದೆ. ಭೂತದ ಕೋಲದಲ್ಲಿ ಡೋಲಿನ ಪೆಟ್ಟಿಗೆ ನೋಡುವವನ ಕಾಲೂ ಕುಣಿಯುವುದಿಲ್ಲವೇ, ಹಾಗೆ. ಅಷ್ಟು ದೊಡ್ಡ ಎಂಜಿನಿಯರುಗಳ ಲೆಕ್ಕಕ್ಕೂ ಈ ಅಡ್ಡ ತೂಗಾಟ ಸಿಕ್ಕಿರಲಿಲ್ಲ.

ಆದರೆ ಆಮೇಲೆ ನಡೆದದ್ದು ಗಮನಿಸಬೇಕಾದ್ದು. ಎರಡೇ ದಿನಕ್ಕೆ ಸೇತುವೆ ಮುಚ್ಚಿದರು. ಪತ್ರಿಕೆಗಳು ನಕ್ಕವು, ಊರೆಲ್ಲ ನಕ್ಕಿತು. ಮುಚ್ಚಿದವರು ನಗೆ ಸಹಿಸಿಕೊಂಡರು. ಸುಮಾರು 50 ಲಕ್ಷ ಪೌಂಡು ಮತ್ತೆ ಸುರಿದು, ತೂಗಾಟ ಹೀರಿಕೊಳ್ಳುವ ಯಂತ್ರಗಳನ್ನು ಹಾಸಿನ ಅಡಿಗೆ ಕೂರಿಸಿ, ಜನರನ್ನು ನಡೆಸಿ ಪರೀಕ್ಷೆ ಮಾಡಿ, 2002ರ ಫೆಬ್ರವರಿಯಲ್ಲಿ ಮತ್ತೆ ತೆರೆದರು. ಒಬ್ಬನಿಗೂ ಪ್ರಾಣಾಪಾಯವಾಗಲಿಲ್ಲ. ಲಂಡನ್ನಿನ ಸೇತುವೆ ಮೂರನೆಯ ದಿನ ಮುಚ್ಚಿತು, ಮೋರ್ಬಿಯದ್ದು ಐದನೆಯ ದಿನ ಬಿತ್ತು. ಲಂಡನ್ನಿನಲ್ಲಿ ಬಾಗಿಲು ಹಾಕಿದರೆ ನಷ್ಟ ಆಗುವ ಟಿಕೆಟ್ ಕೌಂಟರು ಇರಲಿಲ್ಲ ಎಂಬುದನ್ನೂ ಸೇರಿಸಿಕೊಳ್ಳಬೇಕು. ಆ ಸೇತುವೆಗೆ ಟಿಕೆಟ್ಟೇ ಇಲ್ಲ. ಕೆಲಸಕ್ಕೆ ಹೋಗುವವನೂ ಫೋಟೋ ತೆಗೆಯುವವನೂ ಒಂದೇ ಹಾಸಿನ ಮೇಲೆ ಪುಕ್ಕಟೆ ನಡೆಯುತ್ತಾರೆ.

ಸುಳ್ಯದ ಪಾಠ

ಲಂಡನ್ನಿನಷ್ಟು ದೂರ ಹೋಗಲೇಬೇಕು ಎಂದೂ ಇಲ್ಲ. ಸ್ಟೇಟ್‌ಬ್ಯಾಂಕಿನಲ್ಲಿ ಸುಳ್ಯದ ಬಸ್ಸು ಹತ್ತಿದರೆ ಸಾಕು. 1989ರಲ್ಲಿ ಸುಳ್ಯದ ಹತ್ತಿರ ಅರಂಬೂರಿನಲ್ಲಿ ಪಯಸ್ವಿನಿ ಹೊಳೆಗೆ ಗಿರೀಶ್ ಭಾರದ್ವಾಜ್ ಒಂದು ತೂಗುಸೇತುವೆ ಕಟ್ಟಿದರು. ಅವರು ಓದಿದ್ದು ಮೆಕ್ಯಾನಿಕಲ್ ಎಂಜಿನಿಯರಿಂಗ್. ಊರವರು ಬಂದು, ಹೊಳೆ ದಾಟಲಿಕ್ಕೆ ಏನಾದರೂ ಮಾಡಿಕೊಡಿ ಎಂದರು, ಮಾಡಿಕೊಟ್ಟರು. ಅಲ್ಲಿಂದ ಶುರುವಾದದ್ದು ಕರ್ನಾಟಕ, ಕೇರಳ, ಆಂಧ್ರ, ಒಡಿಶಾ ಎಂದು ನೂರಕ್ಕೂ ಹೆಚ್ಚು ಸೇತುವೆಗಳಾದವು. 2017ರಲ್ಲಿ ಪದ್ಮಶ್ರೀ ಬಂತು. ಜನ ಅವರನ್ನು ಸೇತುಬಂಧು ಎಂದು ಕರೆದರು.

ಆ ಸೇತುವೆಗಳಿಗೆ ಬಣ್ಣದ ದೀಪ ಇರಲಿಲ್ಲ. ಮಳೆಗಾಲದಲ್ಲಿ ಮಕ್ಕಳಿಗೆ ಶಾಲೆ ತಪ್ಪಲಿಲ್ಲ, ಬಾಣಂತಿಗೆ ಆಸ್ಪತ್ರೆ ತಪ್ಪಲಿಲ್ಲ, ಅಡಿಕೆ ಮಾರುವವನಿಗೆ ಪೇಟೆ ತಪ್ಪಲಿಲ್ಲ. ಇತ್ತ ಪೇಟೆಯ ಅಂಗಡಿಗೂ ಆಚೆ ದಡದ ಗಿರಾಕಿ ಸಿಕ್ಕಿದ. ಕಾಲುಸೇತುವೆಯ ವ್ಯಾಪಾರ ಎಂದರೆ ಅದೇ. ಬಾಗಿಲಲ್ಲಿ 30 ರೂಪಾಯಿ ಕಸಿದುಕೊಂಡರೆ ಒಂದು ಸಲದ ಹಣ. ದಿನಾ ದಾಟಿ ಬರುವವನು ಬೀಡ, ಬಾಳೆಹಣ್ಣು, ಚಾ, ಔಷಧಿ ಎಂದು ದಡದ ಹತ್ತು ಅಂಗಡಿಗೆ ದಿನಾ ಹತ್ತಿಪ್ಪತ್ತು ರೂಪಾಯಿ ಬಿಟ್ಟು ಹೋಗುತ್ತಾನೆ. ಈ ಆದಾಯ ಯಾವ ಯೋಜನಾ ವರದಿಯ ಪಟ್ಟಿಯಲ್ಲೂ ಇರುವುದಿಲ್ಲ, ಏಕೆಂದರೆ ಅದಕ್ಕೆ ರಸೀದಿ ಇಲ್ಲ.

ಫಲ್ಗುಣಿಗೆ ಬಂದರೆ

ಈಗ ಸುಲ್ತಾನ್ ಬತ್ತೇರಿ. ಹಳ್ಳಿಯ ಹೊಳೆಗೆ ಹಾಕಿದ ಸಂಕವನ್ನು ಹಾಗೇ ಎತ್ತಿ ತಂದು ಇಲ್ಲಿ ಇಡಲಿಕ್ಕೆ ಆಗುವುದಿಲ್ಲ. ತಣ್ಣೀರುಬಾವಿಯ ಬೆನ್ನಿಗೇ ಅರಬ್ಬೀ ಸಮುದ್ರ. ಉಪ್ಪುಗಾಳಿ ಏನು ಮಾಡುತ್ತದೆ ಎಂದು ಬಂದರಿನ ಯಾವ ಅಂಗಡಿಯವನನ್ನು ಕೇಳಿದರೂ ತನ್ನ ಶಟರ್ ತೋರಿಸುತ್ತಾನೆ. ಎರಡು ಮಳೆಗಾಲ ಬಣ್ಣ ಹಚ್ಚದಿದ್ದರೆ ತಳದ ಪಟ್ಟಿ ಕೈಯಲ್ಲಿ ಪುಡಿಪುಡಿಯಾಗಿ ಬರುತ್ತದೆ. ಇನ್ನು ಗಾಳಿಯಲ್ಲಿ ಹಗಲೂ ರಾತ್ರಿ ತೂಗುವ ಉಕ್ಕಿನ ಹಗ್ಗದ ಗತಿ! ಮೋರ್ಬಿ ಸಮುದ್ರ ದಡದಲ್ಲಿ ಇಲ್ಲ, ಅಲ್ಲೇ 49ರಲ್ಲಿ 22 ತಂತಿ ಹೋಗಿತ್ತು. ಇಲ್ಲಿ ಕಟ್ಟುವ ಖರ್ಚಿಗಿಂತ ಕಾಯುವ ಖರ್ಚೇ ಮುಖ್ಯ. ಆದರೆ ಕಟ್ಟುವ ಖರ್ಚಿಗೆ ಶಿಲಾನ್ಯಾಸ ಉಂಟು, ಕಲ್ಲಿನ ಮೇಲೆ ಹೆಸರು ಉಂಟು. ಹಗ್ಗಕ್ಕೆ ಗ್ರೀಸ್ ಹಚ್ಚಿಸಿದವರ ಹೆಸರನ್ನು ಯಾವ ಕಲ್ಲಿನಲ್ಲಿ ಕೆತ್ತುತ್ತಾರೆ?

ಸಮುದ್ರದೊಡನೆ ಸಲಿಗೆ ಮಾಡಿದರೆ ಏನಾಗುತ್ತದೆ ಎಂದು ಮಲ್ಪೆಯವರು ನೋಡಿದ್ದಾರೆ. 2022ರ ಮೇ ತಿಂಗಳಲ್ಲಿ ಅಲ್ಲಿನ ಬೀಚಿಗೆ ತೇಲುವ ಸೇತುವೆ ಬಂತು. ಉದ್ಘಾಟನೆಯಾಗಿ ಕೆಲವೇ ದಿನಗಳಲ್ಲಿ ಅಲೆ ಅದನ್ನು ಬಿಡಿಸಿ ಹಾಕಿತು.

ಇನ್ನೊಂದು ತೊಡಕು ಎತ್ತರದ್ದು. ಫಲ್ಗುಣಿಯಲ್ಲಿ ಬೋಟುಗಳು ಓಡಾಡುತ್ತವೆ. ಅವುಗಳ ತಲೆಗೆ ತಾಗದಷ್ಟು ಮೇಲೆ ಹಾಸು ಇರಬೇಕು. ಮೇಲೆ ಹೋದಷ್ಟೂ ಹತ್ತುವ ಕಷ್ಟ. ಮೆಟ್ಟಿಲು ಕಟ್ಟಿದರೆ ಅಗ್ಗ, ಜಾಗವೂ ಉಳಿಯುತ್ತದೆ. ಆದರೆ ಮೀನಿನ ಬುಟ್ಟಿಯವಳು, ಸೈಕಲ್ ತಳ್ಳುವವನು, ಮಂಡಿ ನೋವಿನ ಅಜ್ಜಿ, ಅವರೆಲ್ಲ ಮೆಟ್ಟಿಲಿನ ಕೆಳಗೇ ಉಳಿಯುತ್ತಾರೆ. ಇಳಿಜಾರು ದಾರಿ ಮಾಡಿದರೆ ಹನ್ನೆರಡಕ್ಕೆ ಒಂದರ ಏರು ಎಂದು ಹಿಡಿಯಬೇಕು. ಐದು ಮೀಟರ್ ಏರಲು 60 ಮೀಟರ್ ಉದ್ದದ ದಾರಿ, ಎರಡೂ ದಡದಲ್ಲಿ. ಅದಕ್ಕೆ ಜಾಗ ಬೇಕು. ಆ ಜಾಗದಲ್ಲಿ ಈಗ ಯಾರಿದ್ದಾರೆ, ಅವರನ್ನು ಎಲ್ಲಿ ಕೂರಿಸುತ್ತೀರಿ? ಚಿತ್ರದಲ್ಲಿ ಈ 60 ಮೀಟರ್ ಕಾಣುವುದೇ ಇಲ್ಲ. ಚಿತ್ರವನ್ನು ಯಾವಾಗಲೂ ನಡುನೀರಿನಿಂದಲೇ ಬರೆಯುತ್ತಾರೆ.

ಬೋಟು ನಡೆಸುವವರ ಹೊಟ್ಟೆಪಾಡಿನ ಪ್ರಶ್ನೆಯೂ ಇದರಲ್ಲೇ ಇದೆ. ಸೇತುವೆ ಬಂದ ಮರುದಿನ ಅವರಿಗೆ ಕೆಲಸವಿಲ್ಲ. ಸೇತುವೆ ಕಾಯುವ ಕೆಲಸಕ್ಕೆ ಹೊರಗಿನಿಂದ ಕಂಟ್ರಾಕ್ಟರನ ಆಳು ಬರುವ ಬದಲು, ಆ ನದಿಯ ನೀರು, ಗಾಳಿ, ಏರಿಳಿತ ಗೊತ್ತಿರುವ ಇವರನ್ನೇ ಯಾಕೆ ಇಡಬಾರದು? ಬಿದ್ದವನನ್ನು ಎತ್ತುವುದಾದರೂ ಅವರಿಗೇ ಗೊತ್ತು.

ಸೇತುವೆ ಬೇಡ ಎಂದು ಇಲ್ಲಿ ಯಾರೂ ಹೇಳುತ್ತಿಲ್ಲ. ಬೇಕು. ಪ್ರವಾಸಿಗಳೂ ಬರಲಿ, ಭಾನುವಾರ ಫೋಟೋ ತೆಗೆಸಿಕೊಳ್ಳಲಿ, ಚುರುಮುರಿ ತಿನ್ನಲಿ. ಚುರುಮುರಿಯವನೂ ಬದುಕಲಿ. ಹಣ ಬೇಕಾದರೆ ದಡದಲ್ಲಿ ವಾಹನ ನಿಲ್ಲಿಸುವವರಿಂದ ವಸೂಲು ಮಾಡಲಿ. ನಡೆಯುವವನ ಕಾಲಿಗೆ ಮಾತ್ರ ಟಿಕೆಟ್ ಬೇಡ. ಒಮ್ಮೆ ಟಿಕೆಟ್ ಬಂತೆಂದರೆ ಗುತ್ತಿಗೆ ಬರುತ್ತದೆ, ಗುತ್ತಿಗೆ ಬಂತೆಂದರೆ "ಇನ್ನು ಹತ್ತು ಜನ ಹೋಗಲಿ ಮಾರಾಯ್ರೇ, ಏನಾಗ್ತದೆ?" ಎಂಬ ಮಾತು ಬರುತ್ತದೆ.

ಮುಂದಿನ ಸಲ ಬಣ್ಣದ ಚಿತ್ರ ಹಿಡಿದು ಬಂದವರನ್ನು ವಾರ್ಡಿನವರು ಕೂರಿಸಿ, ಚಾ ಕೊಟ್ಟು, ಇನ್ನೊಂದು ಹಾಳೆ ಕೇಳಬೇಕು. ಅದರಲ್ಲಿ ಒಮ್ಮೆಗೆ ಎಷ್ಟು ಜನ ಎಂಬುದು ಇರಲಿ. ಹಗ್ಗ ನೋಡುವ ಎಂಜಿನಿಯರ್ ವರ್ಷಕ್ಕೆ ಎಷ್ಟು ಸಲ ಬರುತ್ತಾರೆ, ಅವರ ಸಂಬಳ ಯಾವ ಬಾಬಿನಿಂದ, ಅವರು ಮುಚ್ಚಿ ಎಂದರೆ ಮುಚ್ಚಿಸುವ ಅಧಿಕಾರ ಯಾರ ಕೈಯಲ್ಲಿ ಎಂಬುದೂ ಇರಲಿ. ಮತ್ತೆ ರಾತ್ರಿ ಸೇತುವೆ ದಾಟಿ ಬತ್ತೇರಿಯ ದಡಕ್ಕೆ ಇಳಿದವರಿಗೆ ಸ್ಟೇಟ್‌ಬ್ಯಾಂಕಿಗೆ ಕಡೆಯ ಬಸ್ಸು ಎಷ್ಟು ಹೊತ್ತಿಗೆ ಎಂಬುದನ್ನೂ ಅದೇ ಹಾಳೆಯಲ್ಲಿ ಬರೆದು ತರಲಿ.